ಕಾಡಂಚಿನ ಜಮೀನಿನಲ್ಲಿ ಜಿಂಕೆಗೆ ಒಡ್ಡಿದ ಆಮಿಷವನ್ನು ಗುರುತಿಸುವ ಬಗೆ

ಎಚ್.ಡಿ. ಕೋಟೆ, ಸರಗೂರು, ಹುಣಸೂರು ತಾಲ್ಲೂಕುಗಳಲ್ಲಿ ನಾಗರಹೊಳೆ ಅಥವಾ ಬಂಡೀಪುರದ ಕಾಡಿಗೆ ತಾಗಿದಂತೆ ಜಮೀನು ಇರುವವರು ತಿಳಿದಿರಲೇಬೇಕಾದ ಸಂಗತಿಯೆಂದರೆ, ಜಿಂಕೆ ಸತ್ತರಷ್ಟೇ ಬೇಟೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಯ ವ್ಯಾಖ್ಯೆಯಲ್ಲಿ ಕೊಲ್ಲುವುದರ ಜೊತೆಗೆ ಉರುಳು ಹಾಕುವುದು, ಅಟ್ಟುವುದು, ಆಮಿಷ ಒಡ್ಡುವುದು ಮತ್ತು ಅಂಥ ಪ್ರತಿಯೊಂದು ಪ್ರಯತ್ನವನ್ನೂ ಸೇರಿಸಿದೆ. ಆದ್ದರಿಂದ ಆಮಿಷ ಕಣ್ಣಿಗೆ ಬಿದ್ದ ದಿನವೇ ದೂರು ಕೊಡಬಹುದು. ಪ್ರಾಣಿ ಉಳಿಯುವುದೂ ಆಗಲೇ.

ಮಳೆ ನಿಂತು ಕಾಡಿನ ಹುಲ್ಲು ಒಣಗುತ್ತಾ ಬಂದಾಗ, ಹೊಲದಲ್ಲಿ ಅವರೆ, ಹುರುಳಿ ಹಸಿರಾಗಿರುವ ದಿನಗಳಲ್ಲಿ, ಜಿಂಕೆಗಳು ಬೇಲಿಯತ್ತ ಹೆಚ್ಚಾಗಿ ಬರುತ್ತವೆ. ಆ ದಿನಗಳಲ್ಲಿ ಬೆಳಕು ಹರಿದ ಮೇಲೆ, ಒಬ್ಬರೇ ಹೋಗದೆ, ಬೇಲಿಯುದ್ದಕ್ಕೂ ನಿಧಾನವಾಗಿ ನಡೆದು ನೋಡಬೇಕು. ಆಯಾ ಜಾಗಕ್ಕೆ ಸೇರದ ವಸ್ತುವೇ ಮೊದಲ ಸುಳಿವು: ಹತ್ತಿರದಲ್ಲೆಲ್ಲೂ ಹಲಸಿನ ಮರವಿಲ್ಲದ ಕಡೆ ಬಿದ್ದಿರುವ ಹಲಸಿನ ತೊಳೆ, ಆಡು ಮೇಯಿಸುವವರು ಯಾರೂ ಬಾರದ ಮೂಲೆಯಲ್ಲಿ ಕಡಿದು ಹಾಕಿದ ಹಸಿ ಸೊಪ್ಪು, ತಗ್ಗಿನ ಒದ್ದೆ ಮಣ್ಣಿಗೆ ಬೆರೆಸಿದ ಕಲ್ಲುಪ್ಪು. ಉಪ್ಪಿನ ಜಾಗವನ್ನು ಹತ್ತಿರದಿಂದ ನೋಡಿದರೆ ಮಣ್ಣು ನೆಕ್ಕಿ ನುಣುಪಾಗಿರುತ್ತದೆ, ಸುತ್ತ ಸೀಳುಗೊರಸಿನ ಗುರುತುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಮರದ ಮೇಲಿನ ಮುಸುವಗಳು ಬೀಳಿಸಿದ ಹಣ್ಣು, ಚಿಗುರನ್ನು ತಿನ್ನಲು ಜಿಂಕೆಗಳು ಸೇರುವುದು ಸಹಜವಾದ್ದರಿಂದ, ಸಂಶಯ ಪಡುವ ಮೊದಲು ಒಮ್ಮೆ ಮೇಲೆ ನೋಡುವುದು ಒಳ್ಳೆಯದು. ಆದರೆ ತಿನಿಸಿನತ್ತ ಹೋಗುವ ಜಾಡಿನ ಎರಡೂ ಬದಿಗೆ ಮುಳ್ಳು ಒಟ್ಟಿ ನಡುವೆ ಒಂದೇ ಗಂಡಿ ಬಿಟ್ಟಿದ್ದರೆ, ಅಲ್ಲಿ ಉರುಳು ಇದೆಯೆಂದೇ ತಿಳಿಯಬೇಕು. ಅದು ಸಾಮಾನ್ಯವಾಗಿ ಬೈಕಿನ ಕ್ಲಚ್ ವೈರಿನದ್ದಾಗಿದ್ದು, ಗೂಟಕ್ಕೋ ಗಿಡದ ಬುಡಕ್ಕೋ ಬಿಗಿದಿರುತ್ತದೆ. ಜಿಂಕೆಗೆಂದು ಹಾಕಿದ ಉರುಳಿಗೆ ಚಿರತೆ, ಹುಲಿಗಳೂ ಸಿಕ್ಕಿ ನರಳುತ್ತವೆ.

ಕಂಡದ್ದನ್ನು ಮುಟ್ಟಬಾರದು, ಕಿತ್ತು ಮನೆಗೆ ತರಲೂಬಾರದು. ತಂದರೆ ಸಾಕ್ಷ್ಯವೂ ಹಾಳಾಗುತ್ತದೆ, ಸಂಶಯವೂ ನಿಮ್ಮ ಮೇಲೆ ಬರುತ್ತದೆ. ಹೆಜ್ಜೆ ಗುರುತುಗಳನ್ನು ತುಳಿಯದೆ ದೂರದಿಂದ ಫೋಟೊ ತೆಗೆದು, ಫೋನಿನಲ್ಲಿ ಸ್ಥಳ ಗುರುತಿಸಿಕೊಂಡು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಿಳಿಸಬೇಕು. ಜಿಂಕೆ ಜೀವಂತವಾಗಿ ಸಿಕ್ಕಿಬಿದ್ದಿದ್ದರೆ ಗುಂಪು ಸೇರಲು ಬಿಡಬಾರದು, ಏಕೆಂದರೆ ಗಾಬರಿಯಿಂದ ಒದ್ದಾಡಿಯೇ ಅದು ಸಾಯಬಹುದು. ಹಂದಿಗೆಂದು ಹಿಟ್ಟಿನುಂಡೆಯೊಳಗೆ ಇಡುವ ಸಿಡಿಮದ್ದು ಕಂಡರಂತೂ ದನ, ನಾಯಿಗಳನ್ನು ಕೂಡಲೇ ದೂರ ಅಟ್ಟಬೇಕು. ಬೇಲಿಗೆ ಕಳ್ಳ ಕರೆಂಟು ಎಳೆದಿದ್ದರೆ ಹತ್ತಿರ ಸುಳಿಯದೆ, ವಿದ್ಯುತ್ ಸರಬರಾಜು ಕಂಪನಿಯಾದ ಸೆಸ್ಕ್‌ನ 1912ಕ್ಕೂ ಕರೆ ಮಾಡಬೇಕು.

ಪ್ರೀತಿಯಿಂದ ಹಾಕುವ ತಿನಿಸೂ ಜಿಂಕೆಗೆ ಕೇಡೇ. ಅದು ಮೆಲುಕು ಹಾಕುವ ಪ್ರಾಣಿಯಾದ್ದರಿಂದ, ಹುಲ್ಲಿಗೆ ಒಗ್ಗಿದ ಹೊಟ್ಟೆಗೆ ಒಮ್ಮೆಲೇ ಜೋಳ, ಅಕ್ಕಿ ಹೆಚ್ಚಾಗಿ ಬಿದ್ದರೆ ಒಳಗೆ ಆಮ್ಲ ಏರಿ ಸಾಯುವುದುಂಟು. ಜಿಂಕೆ ಬೇಟೆಗೆ ಅನುಮತಿಯಿರುವ ಅಮೆರಿಕದಲ್ಲಿಯೂ ಹಲವು ರಾಜ್ಯಗಳು ಆಮಿಷದ ರಾಶಿಯನ್ನು ನಿರ್ಬಂಧಿಸಿವೆ. ಏಕೆಂದರೆ 1967ರಲ್ಲಿ ಅಲ್ಲಿನ ಕೊಲರಾಡೊ ರಾಜ್ಯದಲ್ಲಿ ಮೊದಲು ಕಂಡುಬಂದ, ಜಿಂಕೆಗಳ ಮಿದುಳನ್ನು ಕೆಡಿಸುವ ಸೊರಗು ರೋಗವು ಹಲವು ಪ್ರಾಣಿಗಳು ಒಂದೇ ಕಡೆ ಮೂತಿಯಿಟ್ಟು ತಿನ್ನುವಾಗ ಜೊಲ್ಲಿನಿಂದ ಹರಡುತ್ತದೆ.

ಜಿಂಕೆ ನಿಜವಾಗಿಯೂ ಬೆಳೆ ತಿಂದಿದ್ದರೆ ರೈತನ ನಷ್ಟ ಸಣ್ಣದಲ್ಲ, ಆ ಸಿಟ್ಟೂ ನ್ಯಾಯವಾದದ್ದೇ. ಅದಕ್ಕೆ ಇಲಾಖೆಯಿಂದ ಪರಿಹಾರ ಕೇಳುವ ದಾರಿಯಿದೆ. ಹಾನಿಯಾದ ಸಾಲುಗಳನ್ನು ಉಳುವ ಮೊದಲೇ ಫೋಟೊ ತೆಗೆದು, ಪಹಣಿಯೊಡನೆ ವಲಯ ಕಚೇರಿಗೆ ಅರ್ಜಿ ಕೊಡಬೇಕು, ಸಿಬ್ಬಂದಿ ಬಂದು ಸ್ಥಳ ನೋಡುವವರೆಗೆ ಹೊಲವನ್ನು ಹಾಗೆಯೇ ಬಿಟ್ಟಿರಬೇಕು.