ನಮ್ಮವರು, ದಿಲ್ಲಿಯವರು: ಗುರುತು ಮತ್ತು ನಾಯಕತ್ವದ ಮೇಲಿನ ನಂಬಿಕೆಯನ್ನು ಕಲಬುರಗಿ ಸೀಮೆಯಲ್ಲಿ ಅಳೆಯುವ ಬಗೆ

‘ನಮ್ಮವರು’ ಎಂಬ ಭಾವನೆಗೂ ದೇಶದ ನಾಯಕರ ಮೇಲಿನ ನಂಬಿಕೆಗೂ ಏನು ನಂಟು? ಕಲಬುರಗಿ, ಬೀದರ, ಯಾದಗಿರಿಯ ಹಳ್ಳಿಗಳಲ್ಲಿ ಈ ಪ್ರಶ್ನೆ ಹಿಡಿದು ಎಂ.ಎ. ಪ್ರಬಂಧಕ್ಕೋ ಪಿಎಚ್.ಡಿ.ಗೋ ಸಮೀಕ್ಷೆ ಮಾಡಲು ಹೊರಟವರು ಮೊದಲು ನೈಜೀರಿಯಾದ ಆಗ್ನೇಯ ಭಾಗದ ಇಗ್ಬೋ ಎಂಬ ಜನಾಂಗದ ಇತಿಹಾಸ ಓದಿಕೊಳ್ಳಬೇಕು. ಈ ವಿಷಯದ ಪ್ರಶ್ನೆಗಳು ಹದವಾಗಿ ರೂಪುಗೊಂಡದ್ದು ಆಫ್ರಿಕದ ನೆಲದಲ್ಲಿ. ಆದರೆ ಅವನ್ನು ಹಾಗೇ ಕನ್ನಡಕ್ಕಿಳಿಸಿ ಆಳಂದಕ್ಕೋ ಔರಾದಿಗೋ ಒಯ್ದರೆ ಕೆಲಸ ಕೆಡುತ್ತದೆ. ಎಲ್ಲಿ ಕೆಡುತ್ತದೆ, ಹೇಗೆ ಸರಿಪಡಿಸಬೇಕು ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಇಗ್ಬೋ ಸಂಗತಿ ಮೊದಲು

1966ರಲ್ಲಿ ನೈಜೀರಿಯಾದಲ್ಲಿ ಎರಡು ಸೇನಾ ಕ್ರಾಂತಿಗಳಾದವು. ಉತ್ತರ ನೈಜೀರಿಯಾದಲ್ಲಿ ನೆಲೆಸಿದ್ದ ಇಗ್ಬೋ ಜನರ ಮಾರಣಹೋಮ ನಡೆಯಿತು. 1967ರ ಮೇ 30ರಂದು ಪೂರ್ವ ಭಾಗದ ಸೇನಾ ಗವರ್ನರ್ ಓಜುಕ್ವು ಆ ಭಾಗವನ್ನು ಬಿಯಾಫ್ರಾ ಎಂಬ ಸ್ವತಂತ್ರ ದೇಶವೆಂದು ಘೋಷಿಸಿದರು. ಯುದ್ಧ 1970ರ ಜನವರಿವರೆಗೆ ನಡೆಯಿತು, ಹಸಿವಿನಿಂದಲೇ ಲಕ್ಷಾಂತರ ಮಂದಿ ಸತ್ತರು. ‘ಗೆದ್ದವರೂ ಇಲ್ಲ, ಸೋತವರೂ ಇಲ್ಲ’ ಎಂದು ಸರ್ಕಾರ ಸಾರಿತು. ಆದರೆ ಯುದ್ಧಕಾಲದಲ್ಲಿ ಬ್ಯಾಂಕಿನಲ್ಲಿ ಹಣವಿಟ್ಟವರಿಗೆ, ಎಷ್ಟೇ ಇಟ್ಟಿರಲಿ, ಮರಳಿ ಸಿಕ್ಕಿದ್ದು ತಲಾ 20 ಪೌಂಡ್. ಪೋರ್ಟ್ ಹಾರ್ಕೋರ್ಟ್‌ನಲ್ಲಿ ಅನೇಕರು ಬಿಟ್ಟುಬಂದ ಮನೆಗಳು ‘ವಾರಸುದಾರರಿಲ್ಲದ ಆಸ್ತಿ’ಯಾಗಿ ಪರರ ಪಾಲಾದವು. ಇಂದಿಗೂ ಆಗ್ನೇಯ ವಲಯದಲ್ಲಿ ರಾಜ್ಯಗಳು ಐದೇ: ಅಬಿಯಾ, ಅನಾಂಬ್ರಾ, ಎಬೋನಿ, ಎನುಗು, ಇಮೋ. ಉಳಿದ ವಲಯಗಳಿಗೆ ಆರಾರು, ವಾಯವ್ಯಕ್ಕೆ ಏಳು. ರಾಜ್ಯಕ್ಕೆ ಮೂರು ಸೆನೆಟರ್, ಕನಿಷ್ಠ ಒಬ್ಬ ಮಂತ್ರಿ ಎಂಬ ಲೆಕ್ಕವಿರುವ ದೇಶದಲ್ಲಿ ಇದು ಬರೀ ಅಭಿಮಾನದ ಮಾತಲ್ಲ, ಪಾಲಿನ ಮಾತು. ಇಗ್ಬೋ ಸಮುದಾಯದ ಅಜಿಕಿವೆ 1963ರಿಂದ 1966ರವರೆಗೆ ದೇಶದ ಅಧ್ಯಕ್ಷರಾಗಿದ್ದರೂ ಅದು ಅಲಂಕಾರದ ಹುದ್ದೆ. 1979ರಿಂದ 1983ರವರೆಗೆ ಅದೇ ಸಮುದಾಯದ ಎಕ್ವುಯೆಮೆ ಉಪಾಧ್ಯಕ್ಷರು. ಚುನಾವಣೆ ಗೆದ್ದು, ಆಡಳಿತದ ಅಧಿಕಾರವಿರುವ ಅಧ್ಯಕ್ಷ ಪಟ್ಟಕ್ಕೆ ಇಗ್ಬೋ ಒಬ್ಬರೂ ಏರಿಲ್ಲ.

ಇಷ್ಟು ತಿಳಿದ ಮೇಲೆ ‘ಇಗ್ಬೋಗಳಿಗೆ ಸ್ವಂತ ಗುರುತು ಹೆಚ್ಚು, ಆದ್ದರಿಂದ ದೇಶದ ಮೇಲೆ ನಂಬಿಕೆ ಕಡಿಮೆ’ ಎಂಬ ಒಂದೇ ಸಾಲಿನ ತೀರ್ಮಾನಕ್ಕೆ ಹಾರಬೇಡಿ. ಇಗ್ಬೋ ವ್ಯಾಪಾರಿಗಳು ನೈರುತ್ಯದ ಲಾಗೋಸ್‌ನಲ್ಲಿದ್ದಾರೆ, ಉತ್ತರದ ಕಾನೋದಲ್ಲಿದ್ದಾರೆ; ದೇಶವನ್ನು ಅಂಗಡಿ ಹಾಕಿ ಬಳಸುವ ಜನ ಅವರು. 2011 ಮತ್ತು 2015ರ ಅಧ್ಯಕ್ಷ ಚುನಾವಣೆಗಳಲ್ಲಿ ಆಗ್ನೇಯ ವಲಯ ಗುಡ್‌ಲಕ್ ಜೊನಾಥನ್ ಅವರಿಗೆ ಭಾರಿ ಮತ ಕೊಟ್ಟಿತು. ಅವರು ಇಜಾ ಸಮುದಾಯದವರು, ಇಗ್ಬೋ ಅಲ್ಲ. 2023ರ ಅಧ್ಯಕ್ಷ ಚುನಾವಣೆಯಲ್ಲಿ ಇಗ್ಬೋ ಸಮುದಾಯದ ಪೀಟರ್ ಓಬಿ ಈ ಐದೂ ರಾಜ್ಯ ಗೆದ್ದರು, ಜೊತೆಗೆ ಲಾಗೋಸನ್ನೂ ಗೆದ್ದರು. ‘ನಮ್ಮವರು’ ಎಂಬ ವರ್ತುಲ ಹಿಗ್ಗುತ್ತದೆ, ಕುಗ್ಗುತ್ತದೆ. ಗುರುತಿಗೂ ನಂಬಿಕೆಗೂ ನಡುವೆ ಮೂರನೆಯದೊಂದು ಕೊಂಡಿ ಇದೆ: ನಮ್ಮ ಜನಕ್ಕೆ ನ್ಯಾಯವಾದ ಪಾಲು ಸಿಕ್ಕಿದೆಯೇ ಎಂಬ ಅನುಭವ. ಅದನ್ನು ಕೇಳದೆ ಉಳಿದೆರಡನ್ನು ಮಾತ್ರ ಕೇಳಿದ ಸಮೀಕ್ಷೆ ದಾರಿ ತಪ್ಪಿಸುತ್ತದೆ.

ಮೂರು ಪ್ರಶ್ನೆ, ಎರಡಲ್ಲ

ಆಫ್ರಿಕದಲ್ಲಿ ಜನಾಭಿಪ್ರಾಯ ಸಮೀಕ್ಷೆ ಮಾಡುವ ಆಫ್ರೋಬ್ಯಾರೋಮೀಟರ್ ಸಂಸ್ಥೆ 1999ರಿಂದ ಹಲವು ದೇಶಗಳಲ್ಲಿ ಕೇಳುತ್ತ ಬಂದಿರುವ ಪ್ರಶ್ನೆಗಳಲ್ಲಿ ಈ ಮೂರೂ ಇವೆ. ಗುರುತಿಗೆ ಐದು ಮೆಟ್ಟಿಲು: ಬರೀ ನನ್ನ ಜನಾಂಗದವ, ದೇಶಕ್ಕಿಂತ ಜನಾಂಗದವನೆಂಬುದೇ ಹೆಚ್ಚು, ಎರಡೂ ಸಮ, ಜನಾಂಗಕ್ಕಿಂತ ದೇಶದವನೆಂಬುದೇ ಹೆಚ್ಚು, ಬರೀ ದೇಶದವ. ನಂಬಿಕೆಗೆ ನಾಲ್ಕು ಮೆಟ್ಟಿಲು. ಸರ್ಕಾರ ನಿಮ್ಮ ಜನಾಂಗಕ್ಕೆ ಎಷ್ಟು ಸಲ ಅನ್ಯಾಯ ಮಾಡುತ್ತದೆ ಎಂಬುದಕ್ಕೂ ನಾಲ್ಕು: ಎಂದೂ ಇಲ್ಲ, ಆಗಾಗ, ಬಹಳ ಸಲ, ಯಾವಾಗಲೂ.

ನಮ್ಮಲ್ಲಿ ತೊಡಕು ಬರುವುದು ‘ಜನಾಂಗ’ ಎಂಬಲ್ಲಿ. ಇಗ್ಬೋಗಳಿಗೆ ಭಾಷೆ, ನೆಲ, ಬಹುಮಟ್ಟಿಗೆ ಧರ್ಮ ಒಂದೇ ಗಂಟಿನಲ್ಲಿವೆ. ಇಲ್ಲಿ ಹಾಗಿಲ್ಲ. ಭಾಲ್ಕಿಯ ಮರಾಠಿ ಮನೆಮಾತಿನ ರೈತ, ಕಲಬುರಗಿ ಪೇಟೆಯ ದಖನಿ ಮಾತಾಡುವ ಮೆಕ್ಯಾನಿಕ್, ಚಿಂಚೋಳಿಯ ತಾಂಡಾದ ಹೆಣ್ಣುಮಗಳು, ಗುರುಮಠಕಲ್ಲಿನ ತೆಲುಗು ಬೆರೆತ ಕನ್ನಡದವರು ಎಲ್ಲರೂ ಒಂದೇ ಸೀಮೆಯವರು. ಜಾತಿ ಒಂದು ಕಡೆ ಎಳೆದರೆ ಧರ್ಮ, ಭಾಷೆ ಇನ್ನೊಂದು ಕಡೆ. ‘ಹೈದರಾಬಾದ್ ಕರ್ನಾಟಕದವರು’ ಎಂಬ ಸೀಮೆಯ ಭಾವನೆ ಇವೆಲ್ಲವನ್ನೂ ಅಡ್ಡ ಹಾಯುತ್ತದೆ. ಹಾಗಾಗಿ ಐದು ಮೆಟ್ಟಿಲಿನ ಪ್ರಶ್ನೆಯನ್ನು ಒಮ್ಮೆ ಕೇಳಿದರೆ ಸಾಲದು. ಎರಡು ಜೋಡಿ ಮಾಡಿ: ಸೀಮೆ ಮತ್ತು ಭಾರತ, ಜಾತಿ ಅಥವಾ ಸಮುದಾಯ ಮತ್ತು ಭಾರತ. ಮೂರನೆಯ ಜೋಡಿ ಸೇರಿಸಿದರೆ ಉತ್ತರಿಸುವವರಿಗೆ ಬೇಸರ ಬಂದು ಎಲ್ಲಕ್ಕೂ ‘ಎರಡೂ ಸಮ’ ಎಂದುಬಿಡುತ್ತಾರೆ.

‘ರಾಷ್ಟ್ರ ನಾಯಕತ್ವ’ವನ್ನೂ ಒಡೆಯಬೇಕು. ಪ್ರಧಾನಿ, ಸಂಸತ್ತು, ವಿರೋಧ ಪಕ್ಷದ ನಾಯಕರು, ಮುಖ್ಯಮಂತ್ರಿ, ಗ್ರಾಮ ಪಂಚಾಯತಿ ಎಂದು ಐದು ಬೇರೆ ಸಾಲು. 2022ರ ಅಕ್ಟೋಬರಿನಿಂದ ಕಾಂಗ್ರೆಸ್ ಅಧ್ಯಕ್ಷರಾಗಿರುವ ಮಲ್ಲಿಕಾರ್ಜುನ ಖರ್ಗೆ ಈ ಸೀಮೆಯವರೇ. ‘ದಿಲ್ಲಿ ನಾಯಕರ ಮೇಲೆ ನಂಬಿಕೆ ಅದ ಏನ್ರಿ’ ಎಂದು ಒಟ್ಟಾರೆ ಕೇಳಿದರೆ ಒಬ್ಬರು ಪ್ರಧಾನಿಯನ್ನು ನೆನೆದು ಹೇಳುತ್ತಾರೆ, ಇನ್ನೊಬ್ಬರು ಖರ್ಗೆಯವರನ್ನು ನೆನೆದು. ಎರಡೂ ‘ಹೌದು’ ಒಂದೇ ಖಾನೆಗೆ ಬಿದ್ದರೆ ಅಂಕಿಗೆ ಅರ್ಥವೇ ಉಳಿಯುವುದಿಲ್ಲ.

ಬೆಂಗಳೂರನ್ನು ಬೇರೆ ಸಾಲಿನಲ್ಲಿ ಕೇಳುವುದಕ್ಕೂ ಗಟ್ಟಿ ಕಾರಣವಿದೆ. ಈ ಸೀಮೆ 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆಯಿಂದ ಹೊರಬಂದು, 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಸೇರಿತು. ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿ 2002ರಲ್ಲಿ ಪಟ್ಟಿ ಮಾಡಿದ 39 ಅತಿ ಹಿಂದುಳಿದ ತಾಲೂಕುಗಳಲ್ಲಿ 21 ಆಗಿನ ಗುಲಬರ್ಗಾ ವಿಭಾಗದಲ್ಲಿದ್ದವು. ಈ ಸೀಮೆಗೆ ವಿಶೇಷ ಸವಲತ್ತು ನೀಡುವ ಸಂವಿಧಾನದ 371(ಜೆ) ವಿಧಿ ಕೊಟ್ಟದ್ದು ಸಂಸತ್ತು, 98ನೇ ತಿದ್ದುಪಡಿಯ ಮೂಲಕ. ಅದರಡಿ ಹುದ್ದೆ ತುಂಬುವುದು ಬೆಂಗಳೂರು. ಇಲ್ಲಿನ ದೂರು ಬಹಳ ಸಲ ವಿಧಾನಸೌಧದ ಕಡೆಗಿರುತ್ತದೆ, ದಿಲ್ಲಿಯ ಕಡೆಗಲ್ಲ. ಇಗ್ಬೋಗಳ ವಿಷಯದಲ್ಲಿ ದೂರು ನೇರ ದೇಶದ ರಾಜಧಾನಿ ಅಬುಜಾದ ಮೇಲೆ. ಈ ವ್ಯತ್ಯಾಸ ಮರೆತರೆ ಎರವಲು ತಂದ ಚೌಕಟ್ಟಿಗೆ ನಮ್ಮ ಜನರನ್ನು ತುರುಕಿದಂತಾಗುತ್ತದೆ.

ಪಾಲಿನ ಪ್ರಶ್ನೆಯನ್ನೂ ಊರ ಲೆಕ್ಕದಲ್ಲಿ ಕೇಳಿ: ನೌಕರಿ, ನೀರಾವರಿ, ರಸ್ತೆ. 371(ಜೆ)ಯಡಿ ಈ ಭಾಗದ ಸ್ಥಳೀಯ ವೃಂದದ ‘ಸಿ’ ಗುಂಪಿನ ಹುದ್ದೆಗಳಲ್ಲಿ 80, ‘ಡಿ’ ಗುಂಪಿನಲ್ಲಿ 85 ಪ್ರತಿಶತ ಇಲ್ಲಿನವರಿಗೆ ಮೀಸಲು. ‘ನಿಮ್ಮ ಮನ್ಯಾಗ ಯಾರರೆ ತ್ರೀ ಸೆವೆಂಟಿ ಒನ್ ಜೆ ಸರ್ಟಿಫಿಕೇಟ್ ಮಾಡಿಸ್ಯಾರೇನ್ರಿ?’ ಎಂಬ ಒಂದು ಪ್ರಶ್ನೆ, ‘ಸರ್ಕಾರ ನ್ಯಾಯವಾಗಿದೆಯೇ’ ಎಂಬ ಹತ್ತು ಪ್ರಶ್ನೆಗಿಂತ ಹೆಚ್ಚು ಹೇಳುತ್ತದೆ.

ಮಾತು ಮತ್ತು ಕ್ರಮ

‘ನಂಬಿಕೆ’ ಎಂದರೆ ವಯಸ್ಸಾದವರು ದೇವರ ಕಡೆ ಹೋಗುತ್ತಾರೆ. ಈ ಕಡೆ ‘ಭರೋಸಾ’ ಎಂಬುದೇ ಸಲೀಸು, ಉರ್ದು ಮನೆಗಳಲ್ಲೂ ಅದೇ ನಡೆಯುತ್ತದೆ. ಮರಾಠಿಗೆ ‘ವಿಶ್ವಾಸ’, ತೆಲುಗಿಗೆ ‘ನಮ್ಮಕಂ’. ಉತ್ತರ: ಬಿಲ್ಕುಲ್ ಇಲ್ಲ, ಸ್ವಲ್ಪ ಅದ, ಸಾಕಷ್ಟು ಅದ, ಪೂರಾ ಅದ. ಒಬ್ಬರು ಅನುವಾದಿಸಿದ್ದನ್ನು ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಕನ್ನಡಕ್ಕೆ ಮಾಡಿಸಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ತಾಂಡಾಗಳಿಗೆ ಲಂಬಾಣಿ ಬಲ್ಲವರೇ ಹೋಗಲಿ. ಕನ್ನಡದಲ್ಲಿ ಕೇಳಿದರೆ ಗಂಡಸರು ಮಾತ್ರ ಉತ್ತರಿಸುತ್ತಾರೆ.

ನಂಬಿಕೆಯ ಪ್ರಶ್ನೆ ಮೊದಲು, ಪಾಲಿನದು ಆಮೇಲೆ, ಗುರುತಿನದು ಕೊನೆಗೆ. ಗುರುತನ್ನು ಮೊದಲು ಕೇಳಿದರೆ ಆ ವ್ಯಕ್ತಿ ಮುಂದಿನದಕ್ಕೆಲ್ಲ ಜಾತಿಯವನಾಗಿಯೋ ಸೀಮೆಯವನಾಗಿಯೋ ಉತ್ತರಿಸುತ್ತಾನೆ. ನಾವೇ ಹಚ್ಚಿದ ಬಣ್ಣವನ್ನು ನಾವೇ ಅಳೆದಂತೆ. ಜಾತಿಯ ಹೆಸರು ಎಲ್ಲಕ್ಕಿಂತ ಕೊನೆಗೆ, ವಯಸ್ಸು, ಓದಿನ ಜೊತೆ. ಚುನಾವಣೆಯ ಆಸುಪಾಸಿನಲ್ಲಿ ಹೋಗಬೇಡಿ. ಮತದಾನ ಹತ್ತಿರವಾದಂತೆ ಜನಾಂಗದ ಗುರುತನ್ನು ಮುಂದೆ ಮಾಡುವವರು ಹೆಚ್ಚುತ್ತಾರೆ ಎಂಬುದು ಆಫ್ರಿಕದ ಹತ್ತು ದೇಶಗಳ ಅಂಕಿಗಳಲ್ಲೇ ಕಂಡಿದೆ. ಆರು ತಿಂಗಳ ಅಂತರವಾದರೂ ಇರಲಿ.

ಯಾರನ್ನು ಕೇಳಬೇಕು

ನಾಲ್ಕು ಜನರ ತಂಡಕ್ಕೆ 24 ಮತಗಟ್ಟೆ, ಗಟ್ಟೆಗೆ 20 ಮಂದಿ, ಒಟ್ಟು 480 ಹದವಾದ ಲೆಕ್ಕ. ಒಂದು ಸಂದರ್ಶನಕ್ಕೆ 25 ನಿಮಿಷ. ಒಬ್ಬರು ದಿನಕ್ಕೆ ಐದು ಮುಗಿಸಿದರೆ ದಿನಕ್ಕೊಂದು ಗಟ್ಟೆ. ಪಟ್ಟಿಯಲ್ಲಿ 960 ಮತದಾರರಿದ್ದರೆ 20ರ ಬದಲು 32 ಹೆಸರು ಎತ್ತಿ. 960ನ್ನು 32ರಿಂದ ಭಾಗಿಸಿದರೆ 30. ಒಂದರಿಂದ 30ರೊಳಗೆ ಚೀಟಿ ಎತ್ತಿ, 17 ಬಂದರೆ 17, 47, 77 ಹೀಗೆ ಸಾಗಿ. ಬಂದ 32ರಲ್ಲಿ ಚೀಟಿ ಎತ್ತಿಯೇ 12 ಹೆಸರನ್ನು ಮೀಸಲಿಗೆ ಬೇರೆ ಮಾಡಿ, ಬಂದ ಕ್ರಮದಲ್ಲೇ ಬರೆದಿಡಿ.

ಗುಳೆ ಹೋದವರ ಮನೆಯಲ್ಲಿ ಮುದುಕರು, ಮಕ್ಕಳು ಮಾತ್ರ ಇರುತ್ತಾರೆ. ಆಗ ಪಕ್ಕದ ಮನೆಯವರನ್ನು ಕೇಳುವುದು ದೊಡ್ಡ ತಪ್ಪು, ಏಕೆಂದರೆ ಊರಲ್ಲಿ ಉಳಿದವರು ಹೊಲವಿರುವವರು. ‘ಗುಳೆ’ ಎಂದು ಬರೆದು, ಮೀಸಲು ಪಟ್ಟಿಯ ಮುಂದಿನ ಹೆಸರಿಗೆ ಹೋಗಿ. ಪುಣೆ, ಮುಂಬೈ, ಹೈದರಾಬಾದಿಗೆ ಹೋದವರು ಉಗಾದಿಗೋ ಊರ ಜಾತ್ರೆಗೋ ಬರುತ್ತಾರೆ, ಆಗ ಇನ್ನೊಂದು ಸುತ್ತು ಹಾಕಿ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ನಡೆದಿರುತ್ತದೆ, ಹಗಲು ಯಾರೂ ಸಿಗುವುದಿಲ್ಲ. ಸಂಜೆ ಆರರ ಮೇಲೆ ಹೋಗಿ.

ಬಾಗಿಲಲ್ಲಿ

ಮೊದಲು ಪಂಚಾಯತಿಗೆ ತಿಳಿಸಿ, ಆದರೆ ಅಲ್ಲಿಯ ಯಾರನ್ನೂ ಜೊತೆ ಕರೆದುಕೊಳ್ಳಬೇಡಿ. ಗುಡಿ ಕಟ್ಟೆಯ ಮೇಲೆ ಕೂತು ಕೇಳಿದರೆ ಉತ್ತರ ಊರ ಗೌಡರದ್ದಾಗಿರುತ್ತದೆ. ‘ಎಲ್ಲಾ ಚಲೋನೇ ಅದರಿ’ ಎಂಬ ಮಾತು ಸತತವಾಗಿ ಬಂದರೆ ಸುತ್ತ ಯಾರು ನಿಂತಿದ್ದಾರೆ ನೋಡಿ. ಪಡಸಾಲೆಗೋ ಹಿತ್ತಲಿಗೋ ಹೋಗಲು ಕೇಳಿಕೊಳ್ಳಿ. ಹೆಣ್ಣುಮಕ್ಕಳನ್ನು ಹೆಣ್ಣುಮಕ್ಕಳೇ ಕೇಳಲಿ. ‘ಅಕ್ಕ’, ‘ಅವ್ವ’, ‘ಕಾಕಾ’ ಎಂದು ಕರೆದೇ ಮಾತು ಶುರುವಾಗಲಿ.

ಕೇಳುವವರ ಅಡ್ಡಹೆಸರು, ಮಾತಿನ ಧಾಟಿಯಿಂದ ಜಾತಿ ಗೊತ್ತಾಗುತ್ತದೆ. ಅದಕ್ಕೆ ತಕ್ಕಂತೆ ಉತ್ತರ ಬದಲಾಗುತ್ತದೆ. ತಡೆಯಲಾಗದು, ಆದರೆ ಬರೆದಿಡಬಹುದು: ಪ್ರತಿ ಹಾಳೆಯಲ್ಲಿ ಕೇಳಿದವರ ಸಂಕೇತ ಸಂಖ್ಯೆ, ಆಯಾ ಸಂಖ್ಯೆಯವರ ಸಮುದಾಯ ಬೇರೆ ಕಾಗದದಲ್ಲಿ. ಎಲ್ಲ ಊರಿಗೂ ಮಿಶ್ರ ತಂಡವೇ ಹೋಗಲಿ. ಕಡೆಗೆ ಒಂದು ಪ್ರಶ್ನೆ ಬಿಡಬೇಡಿ: ‘ನಮ್ಮನ್ನ ಯಾರ ಕಳ್ಸ್ಯಾರ ಅಂತ ನಿಮಗ ಅನಸ್ತದ?’ ರೇಷನ್ ಕಾರ್ಡಿನವರು, ಗೃಹಲಕ್ಷ್ಮಿಯವರು, 2025ರಲ್ಲಿ ನಡೆದ ಜಾತಿ ಸಮೀಕ್ಷೆಯವರು ಎಂದು ತಿಳಿದವರ ನಂಬಿಕೆಯ ಅಂಕವನ್ನು ಬೇರೆ ಎತ್ತಿ ನೋಡಬೇಕು. ಎರಡು ಸಾವಿರ ನಿಂತೀತೆಂಬ ಅಂಜಿಕೆ ಅಲ್ಲಿರುತ್ತದೆ.

ಅಂಕಿ ಓದುವಾಗ

ನಂಬಿಕೆಗೆ 0ರಿಂದ 3 ಅಂಕ. ‘ಗೊತ್ತಿಲ್ರಿ’ ಎಂದವರಿಗೆ 9 ಹಾಕಿ, ಸರಾಸರಿ ತೆಗೆಯುವ ಮೊದಲು ಆ 9ಗಳನ್ನು ತೆಗೆಯಿರಿ. ಮರೆತರೆ ಏನೂ ಗೊತ್ತಿಲ್ಲದವರೇ ಅತಿ ಹೆಚ್ಚು ನಂಬುವವರಾಗಿ ಕಾಣುತ್ತಾರೆ. ಅವರನ್ನು 0 ಮಾಡುವುದೂ ಅಷ್ಟೇ ತಪ್ಪು. ‘ಗೊತ್ತಿಲ್ಲ’ ಎಂದವರಲ್ಲಿ ಹೆಣ್ಣುಮಕ್ಕಳೆಷ್ಟು, ದಲಿತ ಕೇರಿಯವರೆಷ್ಟು ಎಂದು ಬೇರೆ ಎಣಿಸಿ.

ಆಮೇಲೆ ಒಬ್ಬೊಬ್ಬರದೂ ಪ್ರಧಾನಿಯ ಅಂಕದಿಂದ ಪಂಚಾಯತಿಯ ಅಂಕ ಕಳೆಯಿರಿ. ಯಾರನ್ನೂ ನಂಬದವರಿಗೆ 0 ಬರುತ್ತದೆ. ಊರನ್ನು ಪೂರಾ ನಂಬಿ ದಿಲ್ಲಿಯನ್ನು ನಂಬದವರಿಗೆ ಋಣ 3. ಗುರುತಿನ ಜೊತೆ ಹೋಲಿಸಬೇಕಾದ್ದು ಈ ವ್ಯತ್ಯಾಸವನ್ನು. ಬರೀ ಸರಾಸರಿ ನೋಡಿದರೆ ಎಲ್ಲರ ಮೇಲೂ ಮುನಿದವರು, ದಿಲ್ಲಿಯ ಮೇಲೆ ಮಾತ್ರ ಮುನಿದವರು ಒಂದಾಗಿಬಿಡುತ್ತಾರೆ. ಎಲ್ಲರನ್ನೂ ಪೂರಾ ನಂಬುವವರಿಗೂ ಇಲ್ಲಿ 0 ಬರುವುದರಿಂದ ಮೂಲ ಅಂಕಗಳನ್ನು ಪಕ್ಕದಲ್ಲೇ ಇಡಿ. ಮತ ಹಾಕಿದ ಪಕ್ಷವನ್ನೂ ಬೇರ್ಪಡಿಸಿ ನೋಡಿ. ಗೆದ್ದ ಪಕ್ಷಕ್ಕೆ ಮತ ಹಾಕಿದವರು ಸಾಮಾನ್ಯವಾಗಿ ಸರ್ಕಾರವನ್ನು ಹೆಚ್ಚು ನಂಬುತ್ತಾರೆ. ಅದನ್ನು ಜಾತಿಯ ಪರಿಣಾಮವೆಂದು ಬರೆದುಬಿಡುವ ಪ್ರಬಂಧಗಳು ಬಹಳ.

480 ಮಂದಿಗೆ ಲೆಕ್ಕದ ತಪ್ಪು ಸುಮಾರು 4.5 ಪ್ರತಿಶತ ಆಚೆ ಈಚೆ. ಆದರೆ ಒಂದೇ ಊರವರ ಮಾತು ಒಂದೇ ದಿಕ್ಕಿಗಿರುವುದರಿಂದ ಅದನ್ನು ಆರರ ಮೇಲೆ ಎಂದೇ ಹಿಡಿಯಿರಿ. ಒಂದು ಸಮುದಾಯದವರು 60 ಜನ ಸಿಕ್ಕಿದ್ದರೆ ಆ ತಪ್ಪು 12ರ ಮೇಲೆ ಹೋಗುತ್ತದೆ. ‘ಇವರಿಗಿಂತ ಅವರು 8 ಪ್ರತಿಶತ ಕಡಿಮೆ ನಂಬುತ್ತಾರೆ’ ಎಂಬ ವಾಕ್ಯ ಬರೆಯುವ ಹಕ್ಕು ಆಗ ಇರುವುದಿಲ್ಲ.

ಹೆಸರು, ಫೋನ್ ನಂಬರನ್ನು ಉತ್ತರದ ಹಾಳೆಯಲ್ಲಿ ಬರೆಯಬೇಡಿ. ಸಣ್ಣ ತಾಂಡಾದಲ್ಲಿ ಊರು, ಜಾತಿ, ವಯಸ್ಸು ಮೂರೂ ಸೇರಿದರೆ ಅದು ಯಾರೆಂದು ಊರಿಗೇ ತಿಳಿಯುತ್ತದೆ. ಪ್ರಕಟಿಸುವಾಗ ಊರಿನ ಬದಲು ತಾಲೂಕು, ವಯಸ್ಸಿನ ಬದಲು ಹತ್ತು ವರ್ಷದ ಗುಂಪು ಹಾಕಿ. ಐದಕ್ಕಿಂತ ಕಡಿಮೆ ಜನರಿರುವ ಖಾನೆಯನ್ನು ಪಕ್ಕದ ಖಾನೆಗೆ ಸೇರಿಸಿ. ಮತದಾರರ ಪಟ್ಟಿಯಿಂದ ಎತ್ತಿದ ಹೆಸರುಗಳ ಹಾಳೆಯನ್ನು, ಇನ್ನೊಂದು ಸುತ್ತೂ ಸೇರಿ ಆ ಊರಿನ ಕೆಲಸ ಮುಗಿದ ದಿನವೇ ಹರಿದು ಸುಡಿ.