ಅನುದಾನದ ಅರ್ಜಿಯನ್ನು ಬಜೆಟ್‌ನಿಂದ ಶುರು ಮಾಡಿ

ಬಡಾವಣೆಯಲ್ಲಿ ಸಂಜೆ ಪಾಠ, ವಾಚನಾಲಯ, ಹೊಲಿಗೆ ತರಬೇತಿ ನಡೆಸುವ ಚಿಕ್ಕ ಸಂಘಗಳು ಸಿಎಸ್‌ಆರ್ ಹಣಕ್ಕೆ, ಅಂದರೆ ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕಾದ ಹಣಕ್ಕೆ, ಪ್ರಸ್ತಾವನೆ ಬರೆಯಲು ಕೂತಾಗ ಮೊದಲು ಸಂಘದ ಇತಿಹಾಸ ಬರೆಯುತ್ತವೆ. ಸ್ಥಾಪಕರ ಆಶಯ, ಸನ್ಮಾನಗಳ ಪಟ್ಟಿ, ಉದ್ಘಾಟನೆಯ ಫೋಟೊಗಳಲ್ಲೇ ಮೂರು ಪುಟ ಮುಗಿದುಹೋಗುತ್ತದೆ. ಬಜೆಟ್ಟನ್ನು ಕೊನೆಯ ರಾತ್ರಿ ಖಜಾಂಚಿ ಅಂದಾಜಿನ ಮೇಲೆ ತುಂಬಿಸುತ್ತಾರೆ. ಇದನ್ನು ತಿರುಗಿಸಿ. ಮೊದಲು ಲೆಕ್ಕ ಹಾಕಿ, ಆಮೇಲೆ ಆ ಲೆಕ್ಕಕ್ಕೆ ತಕ್ಕ ಮಾತು ಬರೆಯಿರಿ.

ಅದಕ್ಕೂ ಮುಂಚೆ ಕಾಗದಪತ್ರ. ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಪಡೆದ ನೋಂದಣಿ ಪತ್ರ ಮತ್ತು ಬೈಲಾ (ಸಂಘದ ನಿಯಮಾವಳಿ), ಟ್ರಸ್ಟ್ ಆದರೆ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದ ಟ್ರಸ್ಟ್ ಡೀಡ್ ಬೇಕು. ಜೊತೆಗೆ ಸಂಸ್ಥೆಯ ಪ್ಯಾನ್, ಆದಾಯ ತೆರಿಗೆಯ 12ಎ (ಸಂಸ್ಥೆಯ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ) ನೋಂದಣಿ, ಮೂರು ವರ್ಷದ ಆಡಿಟ್ ವರದಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಕಲಂ ಸಂಖ್ಯೆಗಳು ಬದಲಾಗಿವೆ. ಬಾಯಲ್ಲಿ ಇನ್ನೂ 12ಎ, 80ಜಿ ಎಂದೇ ಓಡಾಡುವುದರಿಂದ ಅರ್ಜಿಯಲ್ಲಿ ಯಾವುದನ್ನು ಕೇಳಿದ್ದಾರೆ ಎಂದು ಸಿಎ ಹತ್ತಿರ ಖಚಿತಪಡಿಸಿಕೊಳ್ಳಿ. 2021ರ ಏಪ್ರಿಲ್‌ನಿಂದ ಸಿಎಸ್‌ಆರ್ ಕೆಲಸ ವಹಿಸಿಕೊಳ್ಳುವ ಸಂಸ್ಥೆಗಳು ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ಅರ್ಜಿ ತುಂಬಿ ನೋಂದಣಿ ಸಂಖ್ಯೆ ಪಡೆಯುವುದೂ ಕಡ್ಡಾಯ. ಅದೇ ಬಗೆಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕೆಂಬುದು ನಿಯಮ. ಅಷ್ಟು ಹಳೆಯದಲ್ಲದ ಸಂಘ ಸ್ಥಳೀಯ ದಾನಿಗಳು, ಬಡಾವಣೆಯ ಅಂಗಡಿಯವರು, ರೋಟರಿ, ಲಯನ್ಸ್ ಕ್ಲಬ್ಬುಗಳ ನೆರವಿನಿಂದ ಕೆಲಸ ನಡೆಸಿ, ಆ ಮೂರು ವರ್ಷದ ಲೆಕ್ಕವನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳುವುದೇ ದಾರಿ.

ಅರ್ಜಿ ವಾಪಸ್ ಬರಲು ತೀರ ಸಣ್ಣ ಕಾರಣವೊಂದಿದೆ: ಹೆಸರು. ನೋಂದಣಿ ಪತ್ರದಲ್ಲಿ 'ಸೇವಾ ಸಂಘ', ಲೆಟರ್‌ಹೆಡ್‌ನಲ್ಲಿ 'ಸೇವಾ ಸಂಘ (ರಿ.)', ಬ್ಯಾಂಕ್ ಖಾತೆಯ ಇಂಗ್ಲಿಷ್ ಕಾಗುಣಿತ ಒಂದು ಥರ, ಪ್ಯಾನ್‌ನಲ್ಲಿ ಇನ್ನೊಂದು ಥರ. ಎಲ್ಲ ಪತ್ರಗಳನ್ನೂ ಮೇಜಿನ ಮೇಲೆ ಹರಡಿ ಹೆಸರನ್ನು ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ತಿದ್ದುಪಡಿಗೆ ತಿಂಗಳುಗಟ್ಟಲೆ ಹಿಡಿಯಬಹುದು. ಹಾಗಾಗಿ ಈ ಕೆಲಸ ಪ್ರಸ್ತಾವನೆಗಿಂತ ಬಹಳ ಮೊದಲೇ ಆಗಬೇಕು.

ಈಗ ಬಜೆಟ್. 40 ಮಕ್ಕಳ ಸಂಜೆ ಪಾಠಶಾಲೆ, ಜೂನ್‌ನಿಂದ ಮಾರ್ಚ್‌ವರೆಗೆ 10 ತಿಂಗಳು, 200 ದಿನ ಎಂದಿಟ್ಟುಕೊಳ್ಳೋಣ. ದರಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ದರ ಹಾಕಿಕೊಳ್ಳಿ.

ಇಬ್ಬರು ಶಿಕ್ಷಕಿಯರ ಗೌರವಧನ, ತಲಾ 9,000 × 10 ತಿಂಗಳು: 1,80,000
ಸಂಯೋಜಕಿ, ಅರೆಕಾಲಿಕ, 6,000 × 10: 60,000
ಪುಸ್ತಕ, ನೋಟ್‌ಬುಕ್, 900 × 40 ಮಕ್ಕಳು: 36,000
ಸಂಜೆಯ ತಿಂಡಿ, 12 × 40 × 200 ದಿನ: 96,000
ಕೊಠಡಿ ಬಾಡಿಗೆ, 5,000 × 10: 50,000
ವಿದ್ಯುತ್, ಸ್ವಚ್ಛತೆ, 1,000 × 10: 10,000
ಕರಿಹಲಗೆ, ಬೀರು, ಚಾಪೆ, ಒಂದು ಸಲ: 28,000
ಓದಿನ ಪರೀಕ್ಷೆ, 50 × 40 × 2 ಸಲ: 4,000
ಲೆಕ್ಕಪತ್ರ, ಆಡಿಟ್: 16,000
ಒಟ್ಟು: 4,80,000 ರೂಪಾಯಿ

ಪ್ರತಿ ಸಾಲಿನಲ್ಲೂ ದರ, ಸಂಖ್ಯೆ, ಅವಧಿ ಮೂರೂ ಕಾಣಬೇಕು. 'ತಿಂಡಿ ಖರ್ಚು 1,00,000' ಎಂದು ದುಂಡಗೆ ಬರೆದರೆ ಮೊದಲ ಪ್ರಶ್ನೆ ಅಲ್ಲೇ ಏಳುತ್ತದೆ. ಮೊತ್ತವನ್ನು ತಲೆಗೆ ಭಾಗಿಸಿ: ಮಗುವಿಗೆ ವರ್ಷಕ್ಕೆ 12,000, ದಿನಕ್ಕೆ 60 ರೂಪಾಯಿ. ಈ 60 ರೂಪಾಯಿಯಲ್ಲಿ ಎರಡು ಗಂಟೆ ಪಾಠವೂ ಹೊಟ್ಟೆಗೆ ಇಷ್ಟು ತಿಂಡಿಯೂ ಸಿಗುತ್ತದೆ ಎಂಬ ಒಂದು ವಾಕ್ಯಕ್ಕೆ ಮೂರು ಪುಟದ ಆಶಯಕ್ಕಿಂತ ಹೆಚ್ಚು ಬಲ ಇದೆ. ಕೊಠಡಿಯನ್ನು ಸಮುದಾಯ ಭವನದವರು ಪುಕ್ಕಟೆ ಕೊಡುತ್ತಿದ್ದರೆ ಆ ಸಾಲನ್ನು ಅಳಿಸಬೇಡಿ. 50,000ವನ್ನು ಸ್ಥಳೀಯರ ಪಾಲು ಎಂದು ಪಕ್ಕದ ಕಾಲಂನಲ್ಲಿ ತೋರಿಸಿ, 4,30,000 ಕೇಳಿ. ಬಡಾವಣೆಯ ಜನ ಕೈಜೋಡಿಸಿದ್ದಾರೆ ಎಂಬುದಕ್ಕೆ ಅದೇ ಪುರಾವೆ.

ಸಂಯೋಜಕಿಯ ಸಂಬಳ, ಆಡಿಟ್ ಶುಲ್ಕ ಹಾಕಿದರೆ ಕಂಪನಿ ಒಪ್ಪುವುದಿಲ್ಲವೇನೋ ಎಂಬ ಅಂಜಿಕೆಯಿಂದ ಅನೇಕ ಸಂಘಗಳು ಆ ಸಾಲುಗಳನ್ನೇ ಬಿಟ್ಟುಬಿಡುತ್ತವೆ, ಆಮೇಲೆ ಕಾರ್ಯದರ್ಶಿ ಕೈಯಿಂದ ಹಾಕಿ ಸೋಲುತ್ತಾರೆ. ಸಿಎಸ್‌ಆರ್ ನಿಯಮದಲ್ಲಿರುವ ಶೇ 5ರ ಆಡಳಿತ ವೆಚ್ಚದ ಮಿತಿ ಕಂಪನಿಯ ಸ್ವಂತ ಸಿಎಸ್‌ಆರ್ ನಿರ್ವಹಣೆಗೆ ಸಂಬಂಧಿಸಿದ್ದು. ಯೋಜನೆಯನ್ನು ನಡೆಸಲು, ಉಸ್ತುವಾರಿ ನೋಡಲು ನೇರವಾಗಿ ತಗಲುವ ಖರ್ಚು ಅದರಲ್ಲಿ ಬರುವುದಿಲ್ಲ. ಇದನ್ನು ವಿನಯದಿಂದಲೇ ಹೇಳಿ, ಆದರೆ ಹೇಳಿ.

ಯಾರನ್ನು ಕೇಳಬೇಕು? ದೊಡ್ಡ ಐಟಿ ಕಂಪನಿಗಳ ಹೆಸರು ಎಲ್ಲರಿಗೂ ಗೊತ್ತು, ಅರ್ಜಿಗಳ ರಾಶಿಯೂ ಅಲ್ಲೇ ಬೀಳುತ್ತದೆ. ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ವರ್ಷಕ್ಕೆ 5 ಕೋಟಿ ನಿವ್ವಳ ಲಾಭ ಬಂದ ಕಂಪನಿಗೂ ಸಿಎಸ್‌ಆರ್ ಹೊಣೆ ಇದೆ. ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ನ್ನು ಅದು ಖರ್ಚು ಮಾಡಬೇಕು, ತಾನಿರುವ ಸ್ಥಳಕ್ಕೆ ಆದ್ಯತೆ ಕೊಡಬೇಕು. ಪೀಣ್ಯ, ಬೊಮ್ಮಸಂದ್ರ, ಮೈಸೂರಿನ ಹೆಬ್ಬಾಳ, ಮಂಗಳೂರಿನ ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶದ ಮಧ್ಯಮ ಕಾರ್ಖಾನೆಗಳಲ್ಲಿ ಹುಡುಕಿ. ಸರಾಸರಿ 6 ಕೋಟಿ ಲಾಭದ ಕಾರ್ಖಾನೆ ಖರ್ಚು ಮಾಡಬೇಕಾದದ್ದು 12 ಲಕ್ಷ, ಅದರಲ್ಲಿ ನಿಮ್ಮ 4.3 ಲಕ್ಷ ಸಣ್ಣ ಪಾಲಲ್ಲ. ಈ ಹೊಣೆ 50 ಲಕ್ಷ ಮೀರದಿದ್ದರೆ ಪ್ರತ್ಯೇಕ ಸಿಎಸ್‌ಆರ್ ಸಮಿತಿ ಬೇಕಿಲ್ಲ, ನಿರ್ದೇಶಕ ಮಂಡಳಿಯೇ ತೀರ್ಮಾನಿಸುತ್ತದೆ. ಹಾಗಾಗಿ ಪತ್ರವನ್ನು ವ್ಯವಸ್ಥಾಪಕ ನಿರ್ದೇಶಕರ ಹೆಸರಿಗೇ ಬರೆದು, ಪಾಠ ನಡೆಯುವ ಹೊತ್ತಿಗೆ ಬಂದು ನೋಡಲು ಕರೆಯಿರಿ. ಕಂಪನಿಯ ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ಜನವರಿ, ಫೆಬ್ರವರಿಯಲ್ಲೇ ಪ್ರಸ್ತಾವನೆ ತಲುಪಿಸಿ. ಜೂನ್‌ನಿಂದ ಮಾರ್ಚ್‌ವರೆಗಿನ ಯೋಜನೆ ಒಂದೇ ಆರ್ಥಿಕ ವರ್ಷದೊಳಗೆ ಮುಗಿಯುತ್ತದೆ, ಅವರ ಲೆಕ್ಕಕ್ಕೂ ಹಗುರ.

ರಾಜ್ಯೋತ್ಸವದ ವೇದಿಕೆ, ಪ್ರಶಸ್ತಿ ಪ್ರದಾನ, ಮ್ಯಾರಥಾನ್‌ಗೆ ಈ ಹಣ ಕೇಳಬೇಡಿ. ಒಂದು ದಿನದ ಇಂಥ ಕಾರ್ಯಕ್ರಮಗಳು ಸಿಎಸ್‌ಆರ್ ಆಗುವುದಿಲ್ಲವೆಂದು ಸಚಿವಾಲಯ 2014ರಲ್ಲೇ ಸ್ಪಷ್ಟಪಡಿಸಿದೆ.

ಬರವಣಿಗೆ ನಾಲ್ಕು ಪುಟ ದಾಟಬೇಕಿಲ್ಲ. ಮೊದಲ ಪುಟದಲ್ಲಿ ಎಲ್ಲಿ, ಯಾರಿಗೆ, ಎಷ್ಟು ದಿನ, ಎಷ್ಟು ಹಣ ಎಂಬುದು ಬರಲಿ. ಕಂಪನಿ ಕಾಯ್ದೆಯ ಏಳನೇ ಶೆಡ್ಯೂಲ್‌ನ (ಸಿಎಸ್‌ಆರ್ ಅಡಿ ಮಾಡಬಹುದಾದ ಕೆಲಸಗಳ ಪಟ್ಟಿ) ಯಾವ ಅಂಶದಡಿ ಈ ಕೆಲಸ ಬರುತ್ತದೆ ಎಂದೂ ಬರೆಯಿರಿ (ಶಿಕ್ಷಣವಾದರೆ ಎರಡನೆಯದು). ಸಮಸ್ಯೆಯನ್ನು ಹೇಳುವಾಗ 'ದೇಶದಲ್ಲಿ ಶಿಕ್ಷಣದ ಗುಣಮಟ್ಟ ಕುಸಿದಿದೆ' ಎಂಬ ಸಾಲಿನಿಂದ ಏನೂ ಸಿಗದು. ನಿಮ್ಮ ನಾಲ್ಕು ರಸ್ತೆಯ ಮಕ್ಕಳನ್ನು ಕೂರಿಸಿಕೊಂಡು ಓದಿಸಿ. ಶಿಕ್ಷಣ ಕ್ಷೇತ್ರದ ಸ್ವಯಂಸೇವಾ ಸಂಸ್ಥೆ 'ಪ್ರಥಮ್' ತನ್ನ 'ಅಸರ್' ಸಮೀಕ್ಷೆಯಲ್ಲಿ ಬಳಸುವ ಓದಿನ ಹಾಳೆ ಕನ್ನಡದಲ್ಲೂ ಉಚಿತವಾಗಿ ಸಿಗುತ್ತದೆ: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಮಗುವಿಗೆ ಐದಾರು ನಿಮಿಷ ಸಾಕು, ಇಬ್ಬರು ಸ್ವಯಂಸೇವಕರು ಎರಡು ಸಂಜೆಯಲ್ಲಿ 40 ಮಕ್ಕಳನ್ನು ಮುಗಿಸುತ್ತಾರೆ. ಎಷ್ಟು ಮಕ್ಕಳು ಯಾವ ಹಂತದಲ್ಲಿದ್ದಾರೆ ಎಂಬ ಆ ಪುಟ್ಟ ಕೋಷ್ಟಕವೇ ನಿಮ್ಮ ಸಮಸ್ಯೆಯ ಪುಟ. ಮಾರ್ಚ್‌ನಲ್ಲಿ ಅದೇ ಹಾಳೆಯಿಂದ ಮತ್ತೆ ನೋಡಿದರೆ ಅದೇ ಫಲಿತಾಂಶದ ಪುಟ. 'ಎಲ್ಲ ಮಕ್ಕಳೂ ಓದುತ್ತಾರೆ' ಎಂದು ಮಾತು ಕೊಡಬೇಡಿ. ಹಾಜರಾತಿ ಶೇ 75 ಮೀರಿದ ಮಕ್ಕಳಲ್ಲಿ ಇಷ್ಟು ಮಂದಿ ಒಂದು ಹಂತ ಮೇಲೇರುತ್ತಾರೆ ಎಂದು ಬರೆದರೆ ಅದನ್ನು ಉಳಿಸಿಕೊಳ್ಳಬಹುದು. ಮಕ್ಕಳ ಫೋಟೊ ಹಾಕುವ ಮುನ್ನ ಹೆತ್ತವರ ಲಿಖಿತ ಒಪ್ಪಿಗೆ ಇರಲಿ.

ಅಮೆರಿಕ, ಗಲ್ಫ್‌ನಲ್ಲಿರುವ ಕನ್ನಡಿಗರು ಊರಿನ ಕೆಲಸಕ್ಕೆ ಹಣ ಕೊಡಲು ಮುಂದೆ ಬಂದಾಗ ಸಂತೋಷದ ಭರದಲ್ಲಿ ಖಾತೆ ಸಂಖ್ಯೆ ಕಳಿಸಬೇಡಿ. ಭಾರತದ ಪೌರತ್ವ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ, ಪಾಸ್‌ಪೋರ್ಟ್ ಪ್ರತಿ ಪಡೆದು ಕಡತದಲ್ಲಿಡಿ. ಪೌರತ್ವ ಬದಲಿಸಿದವರ ಹಣ, ಒಸಿಐ ಕಾರ್ಡ್ (ಸಾಗರೋತ್ತರ ಭಾರತೀಯರ ಗುರುತಿನ ಕಾರ್ಡ್) ಇದ್ದರೂ, ರೂಪಾಯಿಯಲ್ಲೇ ಬಂದರೂ, ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಮುಟ್ಟಬಾರದು.

ಹಣ ಮಂಜೂರಾದ ದಿನವೇ ಕಾರ್ಯಕಾರಿ ಸಮಿತಿ ಸಭೆ ಕರೆದು ನಡಾವಳಿಯಲ್ಲಿ ದಾಖಲಿಸಿ, ಈ ಯೋಜನೆಗೆ ಬೇರೆಯೇ ಲೆಡ್ಜರ್ ತೆರೆಯಿರಿ. ಕಂಪನಿಯ ಹಣಕಾಸು ಮುಖ್ಯಸ್ಥರು ಹಣ ಉದ್ದೇಶಕ್ಕೇ ಬಳಕೆಯಾಗಿದೆ ಎಂದು ಸಹಿ ಮಾಡಬೇಕಾಗುತ್ತದೆ. ವೋಚರ್‌ಗಾಗಿ ಅವರು ಮತ್ತೆ ಮತ್ತೆ ಕೇಳುವುದು ಅದಕ್ಕೇ. ತಿಂಡಿಯ ಲೆಕ್ಕವನ್ನು ಹಾಜರಾತಿ ಪುಸ್ತಕಕ್ಕೆ ಪ್ರತಿ ಶನಿವಾರ ತಾಳೆ ನೋಡಿ: 31 ಮಕ್ಕಳು ಬಂದ ದಿನ 40 ತಿಂಡಿಯ ಬಿಲ್ ಇದ್ದರೆ ಅದಕ್ಕೆ ಉತ್ತರ ಅವತ್ತೇ ಸಿಗುತ್ತದೆ, ಮಾರ್ಚ್‌ನಲ್ಲಿ ಸಿಗುವುದಿಲ್ಲ. ಒಂದು ಬಾಬ್ತಿನಲ್ಲಿ ಉಳಿದ ಹಣವನ್ನು ಇನ್ನೊಂದಕ್ಕೆ ಹಾಕುವ ಮೊದಲು ಇಮೇಲ್‌ನಲ್ಲಿ ಒಪ್ಪಿಗೆ ಪಡೆಯಿರಿ, ಆ ಇಮೇಲ್ ಮುದ್ರಿಸಿ ವೋಚರ್ ಜೊತೆಗೇ ಪಿನ್ ಮಾಡಿ.