ಕ್ರೂಸ್‌ಗೆ ಮುಂಚೆ ಪಾಸ್‌ಪೋರ್ಟ್ ರಿನ್ಯೂ ಮಾಡಿಸಿದ್ದು ಹೀಗೆ

ಸಿಂಗಾಪುರದಿಂದ ಹೊರಡುವ ಕ್ರೂಸ್, ಅಂದರೆ ಹಡಗು ಪ್ರವಾಸ. ಪಾಸ್‌ಪೋರ್ಟ್ ಅವಧಿ ನಾಲ್ಕೂವರೆ ತಿಂಗಳಷ್ಟೇ ಉಳಿದಿತ್ತು. ಸಿಂಗಾಪುರಕ್ಕೆ ಕಾಲಿಡುವಾಗ 6 ತಿಂಗಳಾದರೂ ಇರಬೇಕು. ವೆಬ್ ಚೆಕ್-ಇನ್‌ನಲ್ಲಿ ದಿನಾಂಕ ಹಾಕಿದ ಕೂಡಲೇ ಕೆಂಪು ಅಕ್ಷರ.

ಏಜೆಂಟ್ 'ಏನೂ ಆಗಲ್ಲ ಬಿಡಿ' ಅಂದರು. ಸುಮ್ನೆ ಮಾತು. ಹಳೇದಕ್ಕೇ ಅವಧಿ ಹೆಚ್ಚಿಸೋ ದಾರಿ ಹುಡುಕಿದೆ, ಇಲ್ಲ. ನಾರ್ಮಲ್ ಅರ್ಜಿ ಹಾಕಿದರೆ ಪೊಲೀಸ್ ವೆರಿಫಿಕೇಶನ್‌ಗೇ ದಿನ ಸಾಲಲ್ಲ.

ಕೆಲಸ ಆಗಿದ್ದು ತತ್ಕಾಲ್‌ನಲ್ಲಿ, ಅಂದರೆ ತುರ್ತು ಅರ್ಜಿಯಲ್ಲಿ. ಪಾಸ್‌ಪೋರ್ಟ್ ಸೇವಾ ತಾಣದಲ್ಲಿ 'ರೀ-ಇಶ್ಯೂ', ಆಮೇಲೆ 'ತತ್ಕಾಲ್', 36 ಪುಟದ ಪಾಸ್‌ಪೋರ್ಟ್ ಆರಿಸಿ. ಬುಕ್ ಮಾಡುವಾಗ 1,500 ರೂಪಾಯಿ, ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋದಾಗ ಇನ್ನೂ 2,000. ಇದರಲ್ಲಿ ವೆರಿಫಿಕೇಶನ್ ಇದ್ದರೂ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ. ಹಳೇ ಪಾಸ್‌ಪೋರ್ಟ್ ಜೊತೆಗೆ ಅದರ ಮೊದಲ ಎರಡು, ಕೊನೆಯ ಎರಡು ಪುಟಗಳ ಜೆರಾಕ್ಸ್‌ಗೆ ನೀವೇ ಸಹಿ ಹಾಕಿ ಒಯ್ಯಿರಿ.

ವೀಸಾ ಅರ್ಜಿ ಹೊಸ ನಂಬರ್ ಬಂದ ಮೇಲೇ ಹಾಕಿ. ಕ್ರೂಸ್ ಬುಕಿಂಗ್‌ನಲ್ಲೂ ಅದೇ ನಂಬರ್ ಬದಲಿಸಿ.